ಹಿತ್ತಿಲ ಬೇಲಿಯ ಅಗ್ನಿಶಿಖೆ

ಭಾದ್ರಪದ ಮಾಸದ ಮುಂಜಾವಿನಲ್ಲಿ ಗೌರಿ ಹೂವಿನ ಬಳ್ಳಿಯೊಂದರ ಮುಂದೆ ಕುಳಿತು, ಆಗತಾನೆ ಅರಳಿದ ಹೂವೊಂದನ್ನು ಕೀಳದೆಯೇ ಅಂಗೈಗೆ ಆನಿಸಿಕೊಂಡು ನೋಡುವವನಿಗೆ ಬಣ್ಣಕ್ಕಿಂತ ಮೊದಲು ಕಾಣಬೇಕಾದ ಸಂಗತಿಯೊಂದುಂಟು. ಆದರೆ ಬಣ್ಣದ ಬೆರಗಿನಲ್ಲಿ ಅದು ಸಾಮಾನ್ಯವಾಗಿ ಕಣ್ಣಿಗೆ ತಪ್ಪಿಹೋಗುತ್ತದೆ. ಹೂವು ತಲೆ ಕೆಳಗಾಗಿ ತೂಗುತ್ತಿರುತ್ತದೆ. ಅದರ ಆರು ಎಸಳುಗಳೂ, ಅಂಚೆಲ್ಲ ಅಲೆಯಲೆಯಾಗಿ, ಬೆಂಕಿಯ ನಾಲಗೆಗಳಂತೆ ಮೇಲ್ಮುಖವಾಗಿ ಮಡಿಚಿಕೊಂಡಿರುತ್ತವೆ. ಆರು ಕೇಸರಗಳು ಬಂಡಿಯ ಗಾಲಿಯ ಅರಗಳಂತೆ ಸುತ್ತಲೂ ಚಾಚಿರುತ್ತವೆ. ಇವೆಲ್ಲದರ ನಡುವೆ ಇರುವ ಹಸುರು ಅಂಡಾಶಯದಿಂದ ಹೊರಡುವ ಶಲಾಕೆ ಮಾತ್ರ, ನೆಟ್ಟಗೆ ಕೆಳಕ್ಕೆ ಇಳಿಯಬೇಕಾದದ್ದು, ಬುಡದಲ್ಲಿಯೇ ಮೊಣಕೈಯಂತೆ ಲಂಬಕೋನದಲ್ಲಿ ಬಾಗಿ, ತನ್ನ ಮೂರು ಕವಲಿನ ತುದಿಯನ್ನು ಕೇಸರಗಳ ಗುಂಪಿನಿಂದ ಹೊರಕ್ಕೆ ನೀಡಿ ನಿಂತಿರುತ್ತದೆ.

ಹೀಗೆ ತನ್ನ ಮನೆಯ ಪರಾಗಕ್ಕೆ ಮುಖ ತಿರುಗಿಸಿ, ಪರಸ್ಥಳದ ಪರಾಗಕ್ಕಾಗಿ ಕೈ ಚಾಚಿಕೊಂಡಿರುವ ಈ ಹೂವಿಗೆ ಅದನ್ನು ತಂದುಕೊಡುವವರು ಯಾರು, ತರುವವರು ಬಾರದೆ ಹೋದಲ್ಲಿ ಅದರ ಸಂತತಿಯ ಗತಿಯೇನು, ಚಳ್ಳಕೆರೆ ಮೊಳಕಾಲ್ಮೂರುಗಳಂಥ ಬಯಲುಸೀಮೆಯ ಹಿತ್ತಿಲಿನಲ್ಲಿ ಒಂದೆರಡು ಬಳ್ಳಿಗಳನ್ನು ಸಾಕಿಕೊಂಡಿರುವವರು ಅದಕ್ಕೆ ಮಾಡಬಹುದಾದ ಉಪಕಾರವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾನು ಬಂದದ್ದು ಇನ್ನೊಂದು ಹೂವಿನ ದಾರಿಯಿಂದ. ಕಾಶ್ಮೀರಕ್ಕೆ ಹೋಗಿಬಂದ ಬಂಧುಗಳೊಬ್ಬರು, ಅಲ್ಲಿಯ ಗೋರಿಗಳ ಮೇಲೆ ನೀಲಿಯಾಗಿಯೂ ಬಿಳಿಯಾಗಿಯೂ ಅರಳಿ ನಿಂತಿದ್ದ ಐರಿಸ್ ಹೂಗಳಿಗೆ ಮನಸೋತು, ಅದರ ಗಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನನಗೆ ಕೊಟ್ಟರು. ಕತ್ತಿಯಲಗಿನಂಥ ಎಲೆಗಳು ಎರಡು ವರ್ಷ ಹಸುರಾಗಿ ನಿಂತವು. ಹೂವಿನ ಸುಳಿವೇ ಇರಲಿಲ್ಲ. ಮೂರನೆಯ ಮಳೆಗಾಲದಲ್ಲಿ ಗಡ್ಡೆ ಕೊಳೆತುಹೋಯಿತು. ಇದರಲ್ಲಿ ಗಡ್ಡೆಯ ದೋಷವೇನೂ ಇಲ್ಲ. ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರನ್ನು ಹೊತ್ತ ಈ ಕುಲದಲ್ಲಿ ಸುಮಾರು 300 ಪ್ರಭೇದಗಳಿದ್ದು, ಅವೆಲ್ಲವೂ ಭೂಮಿಯ ಉತ್ತರಾರ್ಧಗೋಳದವು. ಬಹುಪಾಲು ಪ್ರಭೇದಗಳು ಹೇಮಂತದ ಕೊರೆಯುವ ಚಳಿಯಲ್ಲಿ ಕೆಲವು ವಾರಗಳನ್ನು ಕಳೆದಲ್ಲದೆ ಮೊಗ್ಗನ್ನು ಕಟ್ಟುವುದಿಲ್ಲ. ಮಾಘದಲ್ಲಿಯೂ ಮಧ್ಯಾಹ್ನದ ಬಿಸಿಲು ಬೆನ್ನನ್ನು ಸುಡುವ ನಮ್ಮೂರಿನಲ್ಲಿ ಅವಕ್ಕೆ ಆ ಚಳಿಯನ್ನು ಎಲ್ಲಿಂದ ತರುವುದು? ಆ ಕುಲದಲ್ಲಿ ನಮ್ಮ ಸೆಕೆಗೆ ಹೊಂದಿಕೊಂಡು ಬದುಕುವುದು ಒಂದುಂಟು: ಕಿತ್ತಳೆ ಬಣ್ಣದ ಎಸಳುಗಳ ಮೇಲೆ ಚಿರತೆಯ ಮೈಯಂತೆ ಕೆಂಪು ಚುಕ್ಕೆಗಳನ್ನು ಹೊತ್ತು, ಕಾಯಿ ಒಡೆದಾಗ ಕರಿಯ ಬೀಜಗಳ ಗೊಂಚಲನ್ನು ತೋರುವ ಗಿಡ. ಬೆಲಮ್ಕಾಂಡಾ ಎಂಬ ಹಳೆಯ ಹೆಸರಿನದನ್ನು ಸಸ್ಯಶಾಸ್ತ್ರಜ್ಞರು 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿದರು. ಆದರೆ ಅದೂ ಪೂರ್ವದೇಶಗಳಿಂದ ಬಂದ ಅತಿಥಿಯೇ.

ಐರಿಸ್ಸನ್ನು ಬೆಳೆಸಲಾಗದಿದ್ದರೂ ಅದರ ವಿಷಯವಾಗಿ ಓದಿದ್ದರಿಂದ ನನಗೆ ಎರಡು ಪ್ರಯೋಜನಗಳಾದವು. ಮೊದಲನೆಯದು, ಹೂವಿನ ಒಳಗಣ ಏರ್ಪಾಡನ್ನು ನೋಡುವ ಕಣ್ಣು. ಐರಿಸ್ ತನ್ನ ಹೂವನ್ನು ಮೂರು ಸಣ್ಣ ಸುರಂಗಗಳಾಗಿ ವಿಂಗಡಿಸಿಕೊಂಡಿರುತ್ತದೆ. ಪ್ರತಿಯೊಂದು ಸುರಂಗದ ಚಾವಣಿಯಲ್ಲಿ, ಕೇಸರಕ್ಕೂ ಮುಂಚೆಯೇ ಸಿಗುವಂತೆ, ತೆಳುವಾದ ತುಟಿಯೊಂದು ಇದ್ದು, ಮಧುವನ್ನರಸಿ ಒಳನುಗ್ಗುವ ದುಂಬಿಯ ಬೆನ್ನಿನಿಂದ ಪರಹೂವಿನ ಪರಾಗವನ್ನು ಕೆರೆದುಕೊಳ್ಳುತ್ತದೆ. ದುಂಬಿ ಹೊರಬರುವಾಗ ಅದೇ ತುಟಿ ಮೇಲಕ್ಕೆ ಒತ್ತಿಕೊಂಡು ಮುಚ್ಚಿಹೋಗುವುದರಿಂದ ಸ್ವಂತ ಪರಾಗ ಅದಕ್ಕೆ ಹತ್ತುವುದಿಲ್ಲ. ಎರಡನೆಯದು, ಮನೆಯ ಹಿತ್ತಿಲೆಂಬುದು ಅಪರೂಪದ ಸಸ್ಯಗಳಿಗೆ ಎಂಥ ಆಶ್ರಯವಾಗಬಲ್ಲುದೆಂಬ ಅರಿವು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ ಮೈಕೇಲ್ ಫಾಸ್ಟರ್ (1836–1907), ಶೆಲ್ಫರ್ಡ್ ಗ್ರಾಮದ ತಮ್ಮ ಮನೆಯ ತೋಟದಲ್ಲಿ, ದೂರದೇಶಗಳಲ್ಲಿದ್ದ ಪಾದ್ರಿಗಳೇ ಮೊದಲಾದವರಿಂದ ಐರಿಸ್ ಗಡ್ಡೆಗಳನ್ನು ತರಿಸಿ ಬೆಳೆಸಿ, ಕೈಯಾರೆ ಪರಾಗಸ್ಪರ್ಶ ಮಾಡಿ, ಕಂಡದ್ದನ್ನೆಲ್ಲ ಬರೆದಿಟ್ಟರು. ಅವರ ಟಿಪ್ಪಣಿಗಳು ಕೈಸೇರಿದ ವಿಲಿಯಂ ಡೈಕ್ಸ್ ಎಂಬ ಉಪಾಧ್ಯಾಯರು 1913ರಲ್ಲಿ ಆ ಕುಲವನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅಷ್ಟು ದೊಡ್ಡ ವಿದ್ವತ್ತಿಗೆ ಬೀಜವಾದದ್ದು ಒಂದು ಮನೆಯ ಹಿಂದಣ ನೆಲ.

ಹಾಗಾದರೆ ನಮ್ಮ ಮನೆಯ ಹಿಂದಣ ನೆಲಕ್ಕೆ ಒಪ್ಪುವ ಹೂವು ಯಾವುದು?

ಚಳ್ಳಕೆರೆ ಮೊಳಕಾಲ್ಮೂರುಗಳು ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿಯವು. ವರ್ಷಕ್ಕೆ ಬೀಳುವುದು 500 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಹೆಚ್ಚಿನ ಪಾಲು ಹುಬ್ಬೆ, ಉತ್ತರೆ, ಹಸ್ತೆ ಮಳೆಗಳ ಕಾಲಕ್ಕೆ. ಇಂಥ ನೆಲದಲ್ಲಿ ಬಾಳಬಯಸುವ ಹೂಗಿಡಕ್ಕೆ ಒಂದು ವಿದ್ಯೆ ಬೇಕು: ಮಳೆ ಬಂದಾಗ ಎದ್ದು, ಅವಸರವಾಗಿ ಎಲೆ ಬಿಟ್ಟು ಹೂತು ಕಾಯಾಗಿ, ಮಳೆ ಹಿಂದೆಗೆದಾಗ ಮೈಯನ್ನೆಲ್ಲ ಒಣಗಿಸಿ ಬಿಸುಟು, ಪ್ರಾಣವನ್ನು ಗಡ್ಡೆಯಲ್ಲಿ ಅಡಗಿಸಿಕೊಂಡು ನೆಲದೊಳಗೆ ಮಲಗುವ ವಿದ್ಯೆ. ಐರಿಸ್ ಹಿಮದ ಭಯಕ್ಕೆ ಮಲಗಿದರೆ ನಮ್ಮ ಗಡ್ಡೆಗಿಡಗಳು ಬಿಸಿಲಿನ ಭಯಕ್ಕೆ ಮಲಗುತ್ತವೆ. ವ್ಯತ್ಯಾಸವಿರುವುದು ಋತುವಿನಲ್ಲಿಯೇ ಹೊರತು ಉಪಾಯದಲ್ಲಲ್ಲ. ಅಮೃತಮಹಲ್ ಕಾವಲುಗಳ ಹುಲ್ಲಿನ ನಡುವೆ ತಲೆಯೆತ್ತುವ ಅಡವಿ ಈರುಳ್ಳಿ ಈ ಪಂಗಡದ್ದು. ಕಲ್ಲುಗುಡ್ಡಗಳ ಇಳಿಜಾರಿನ ಪೊದೆಗಳಲ್ಲಿಯೂ ಹಳೆಯ ಹೊಲಗಳ ಬೇಲಿಗಳಲ್ಲಿಯೂ ಹಬ್ಬುವ ಅಗ್ನಿಶಿಖೆ, ಅಂದರೆ ಗೌರಿ ಹೂ, ಈ ಪಂಗಡದ ರಾಣಿ.

ಅದಕ್ಕೆ ಹೆಸರುಗಳು ಅನೇಕ. ಮಲೆನಾಡಿನವರು ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಅದನ್ನು ಗೌರಿ ಹೂವೆನ್ನುತ್ತಾರೆ. ಉತ್ತರ ಕನ್ನಡದ ಮನೆಗಳಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ಕಾಡುಕಾಯಿಗಳ ನಡುವೆ ಅದಕ್ಕೆ ಸ್ಥಾನವುಂಟು. ಕರಡಿಕಣ್ಣಿನ ಗಡ್ಡೆ ಎಂದೂ ಹೇಳುವುದುಂಟು. ಸಂಸ್ಕೃತದಲ್ಲಿ ಅಗ್ನಿಶಿಖಾ, ಕಲಿಹಾರೀ, ಲಾಂಗಲೀ. ಈ ಕೊನೆಯ ಹೆಸರು ನನಗೆ ಬಹಳ ಪ್ರಿಯವಾದದ್ದು. ಲಾಂಗಲವೆಂದರೆ ನೇಗಿಲು; ಗಡ್ಡೆಯನ್ನು ಅಗೆದು ನೋಡಿದವರಿಗೆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ, ಏಕೆಂದರೆ ಅದು ಎರಡು ತೋಳುಗಳಾಗಿ ಕವಲೊಡೆದು, ಮೇಳಿ ಕಳಚಿದ ಪುಟ್ಟ ನೇಗಿಲಿನಂತೆಯೇ ಇರುತ್ತದೆ. ತಮಿಳರೂ ಅದನ್ನು ನೇಗಿಲ ಗಡ್ಡೆಯೆಂಬ ಅರ್ಥದ ಕಲಪ್ಪೈ ಕಿಳಂಗು ಎಂಬ ಮಾತಿನಿಂದ ಕರೆಯುತ್ತಾರೆ. ಅವರ ಪ್ರಾಚೀನ ಕಾವ್ಯಗಳ ಕಾಂತಳ್ ಹೂವೂ ಇದೇ. ಇಂದು ಅದು ತಮಿಳುನಾಡಿನ ರಾಜ್ಯಪುಷ್ಪ. ಸಮುದ್ರದಾಚೆ ಜಿಂಬಾಬ್ವೆಗೆ ಅದೇ ರಾಷ್ಟ್ರಪುಷ್ಪ. 1753ರಲ್ಲಿ ಲಿನೇಯಸ್ ಅದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂದು ಹೆಸರಿಟ್ಟನು. ವೈಭವವೆಂಬ ಅರ್ಥದ ಪದವನ್ನು ಒಮ್ಮೆ ಹೇಳಿ ತೃಪ್ತಿಯಾಗದೆ ಭವ್ಯವೆಂಬ ಇನ್ನೊಂದನ್ನು ಅದರ ಬೆನ್ನಿಗೆ ಕಟ್ಟಿದಂತಿದೆ.

ಆದರೆ ಮೊಳಕಾಲ್ಮೂರಿನ ಕಡೆಯ ಕುರಿಗಾಹಿ ಮುದುಕಿಯೊಬ್ಬಳು, ನಾನು ಬೇಲಿಯ ಬಳ್ಳಿಯೊಂದನ್ನು ಬಗ್ಗಿ ನೋಡುತ್ತಿದ್ದಾಗ, ದೂರದಿಂದಲೇ ಕೂಗಿ ಹೇಳಿದ ಮಾತು ಬೇರೆ: “ಮುಟ್ಟಬ್ಯಾಡ ಕಣಪ್ಪಾ, ಅದು ಇಸದ ಗಡ್ಡೆ!”

ಆಕೆ ಹೇಳಿದ್ದು ಅಕ್ಷರಶಃ ಸತ್ಯ. ಈ ಬಳ್ಳಿಯನ್ನು ಮನೆಗೆ ತರುವವರು ಅದನ್ನು ಮೊದಲು ತಿಳಿದಿರತಕ್ಕದ್ದು. ಗಡ್ಡೆ, ಎಲೆ, ಹೂ, ಬೀಜ, ಎಲ್ಲವೂ ವಿಷ. ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಗುಂಪಿನಲ್ಲಿ ಎಣಿಸಿ, ಗೋಮೂತ್ರದಲ್ಲಿ ನೆನೆಯಿಸಿ ಶುದ್ಧಿಮಾಡಿದಲ್ಲದೆ ಬಳಸಕೂಡದೆಂದು ವಿಧಿಸಿದೆ. ಗರ್ಭಘಾತಿನೀ ಎಂಬ ಅದರ ಮತ್ತೊಂದು ಹೆಸರೇ ಸಾಕಷ್ಟು ಎಚ್ಚರಿಕೆ. ಅದರಲ್ಲಿರುವ ಕಾಲ್ಚಿಸಿನ್ ಎಂಬ ಕ್ಷಾರಸತ್ತ್ವವನ್ನು, ಯೂರೋಪಿನ ಕಾಲ್ಚಿಕಮ್ ಎಂಬ ಸೋದರ ಸಸ್ಯದಿಂದ, ಪೆಲ್ಟಿಯೇ ಮತ್ತು ಕಾವಾಂತೂ ಎಂಬ ಫ್ರೆಂಚ್ ರಸಾಯನಜ್ಞರು 1820ರಲ್ಲಿ ಬೇರ್ಪಡಿಸಿದರು. ಕೋಶವು ಎರಡಾಗಿ ಒಡೆಯುವ ಕ್ರಿಯೆಯನ್ನು ನಡುವೆಯೇ ತಡೆದುನಿಲ್ಲಿಸುವ ಶಕ್ತಿ ಅದಕ್ಕಿದೆ. ಆ ಒಂದೇ ಸತ್ತ್ವ ಅಳತೆಯರಿತ ವೈದ್ಯನ ಕೈಯಲ್ಲಿ ಗೌಟ್ ಎಂಬ ಕೀಲುನೋವಿಗೆ ಮದ್ದು, 1937ರಿಂದೀಚೆಗೆ ಸಸ್ಯತಳಿಶಾಸ್ತ್ರಜ್ಞರ ಕೈಯಲ್ಲಿ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಸಾಧನ, ಅರಿಯದೆ ತಿಂದವನ ಹೊಟ್ಟೆಯಲ್ಲಿ ಮೃತ್ಯು. ಗೆಣಸೆಂದು ತಪ್ಪು ತಿಳಿದು ಗಡ್ಡೆಯನ್ನು ಬೇಯಿಸಿ ತಿಂದು ಸತ್ತವರುಂಟು. ಬೇಯಿಸಿದರೂ ವಿಷ ಹೋಗುವುದಿಲ್ಲ; ತಿಂದ ಕೆಲವು ಗಂಟೆಗಳ ಮೇಲೆಯೇ ವಾಂತಿ ಭೇದಿಗಳು ತೊಡಗುವುದರಿಂದ ಕಾರಣ ಕೂಡಲೇ ಹೊಳೆಯುವುದಿಲ್ಲ. ಆದುದರಿಂದ ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಈ ಬಳ್ಳಿಯ ಆಸೆಯನ್ನು ಕೆಲವು ವರ್ಷ ಮುಂದೂಡುವುದೇ ವಿವೇಕ. ಮಿಕ್ಕವರು ಕೊಟ್ಟಿಗೆಗೆ ದೂರವಾಗಿ, ಮಕ್ಕಳ ಕೈಗೆ ಎಟುಕದ ಬೇಲಿಯ ಮೂಲೆಯನ್ನು ಅದಕ್ಕೆ ಬಿಟ್ಟುಕೊಟ್ಟು, ಗಡ್ಡೆಯನ್ನೂ ಬೀಜವನ್ನೂ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಯಾರಾದರೂ ಚೂರನ್ನು ತಿಂದರೆಂಬ ಸಂದೇಹ ಬಂದರೂ, ಲಕ್ಷಣಗಳಿಗಾಗಿ ಕಾಯದೆ, ಮನೆಮದ್ದನ್ನು ನೆಚ್ಚದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಷ್ಟು ಭಯಂಕರವಾದ ಗಿಡವನ್ನು ಬೆಳೆಸುವುದಾದರೂ ಏಕೆಂದು ಕೇಳುವವರಿಗೆ ನನ್ನ ಉತ್ತರ ಸರಳ: ಅದು ಕಣ್ಮರೆಯಾಗುತ್ತಿದೆ. ಔಷಧದ ವ್ಯಾಪಾರಕ್ಕಾಗಿ ಕಾಡಿನ ಗಡ್ಡೆಯನ್ನು ಬಗೆಯುವವರು ಬುಡವನ್ನು ಉಳಿಸುವುದಿಲ್ಲ. ಕಳ್ಳಿಯ ಬೇಲಿ, ಲಂಟಾನದ ಬೇಲಿಗಳಿದ್ದ ಹೊಲಗಳಿಗೆ ಈಗ ಮುಳ್ಳುತಂತಿ ಬಂದು, ಬೇಲಿಯೊಂದಿಗೆ ಬೇಲಿಯ ಬಳ್ಳಿಯೂ ಹೋಯಿತು. ಉಳಿದ ಕಡೆ ಒಂದು ಇಲ್ಲಿ, ಒಂದು ಹರದಾರಿಯಾಚೆ ಇನ್ನೊಂದು ಎಂಬಂತಾಗಿದೆ. ಒಂಟಿಯಾಗಿ ಉಳಿದ ಬಳ್ಳಿಗೆ, ಮೊದಲು ಹೇಳಿದ ಆ ಬಾಗಿದ ಶಲಾಕೆಯೇ ಶಾಪವಾಗುತ್ತದೆ: ಹೊರಗಣ ಪರಾಗವನ್ನು ಹೊತ್ತು ತರುವ ದಾರಿ ಹರದಾರಿಯಷ್ಟು ಉದ್ದವಾದರೆ ತರುವವರು ಬರುವುದು ವಿರಳ, ಹೂವು ಕೆಂಪೇರಿ, ಬಾಡಿ, ಕಾಯಿ ಕಟ್ಟದೆ ಉದುರುತ್ತದೆ.

ತರುವವರೆಂದರೆ ಮುಖ್ಯವಾಗಿ ಚಿಟ್ಟೆಗಳು. ಸೂರಕ್ಕಿಗಳೂ ಬಂದು ಹೋಗುವುದುಂಟು. ದಕ್ಷಿಣ ಆಫ್ರಿಕದ ಸಸ್ಯವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ನನ್ನ ಮನಸ್ಸನ್ನು ಬಹುವಾಗಿ ಸೆಳೆಯಿತು. ಎಸಳುಗಳ ಬುಡದಲ್ಲಿ ಮಧುವಿರುವುದಷ್ಟೆ. ಅದನ್ನು ಹೀರಲು ತೂಗುಹೂವಿನ ಸುತ್ತ ಸುಳಿಯುವ ಚಿಟ್ಟೆ, ಒಂದೊಂದೆಸಳಿಗೂ ಹೋಗುವಾಗ ರೆಕ್ಕೆಗಳನ್ನು ಬಡಿಯುತ್ತಲೇ ಇರುವುದರಿಂದ, ಅಗಲವಾಗಿ ಚಾಚಿದ ಕೇಸರಗಳ ಪರಾಗ ಅದರ ಕಾಲಿಗೋ ಮೂತಿಗೋ ಅಂಟದೆ ರೆಕ್ಕೆಗೆ ಅಂಟುತ್ತದೆ. ಅದೇ ರೆಕ್ಕೆ ಮುಂದಿನ ಹೂವಿನಲ್ಲಿ ಪಕ್ಕಕ್ಕೆ ಚಾಚಿದ ಶಲಾಕೆಯ ತುದಿಯನ್ನು ಸವರಿಕೊಂಡು ಹೋಗುತ್ತದೆ. ಹೂವು ತಲೆ ಕೆಳಗಾಗಿ ತೂಗುವುದು, ಎಸಳು ಮೇಲಕ್ಕೆ ಮಡಿಚುವುದು, ಕೇಸರ ಅರಗಳಂತೆ ಹರಡುವುದು, ಶಲಾಕೆ ಬಾಗುವುದು, ಇವೆಲ್ಲವೂ ಒಂದು ರೆಕ್ಕೆಯ ಬೀಸಿನ ಅಳತೆಗೆ ಹೊಂದಿಸಿದ ಏರ್ಪಾಡುಗಳೆಂದು ತಿಳಿದ ದಿನದಿಂದ, ಆ ಹೂವನ್ನು ನಾನು ಬರಿಯ ಅಲಂಕಾರವೆಂದು ನೋಡಲಾರದವನಾದೆ.

ರೆಕ್ಕೆ ಬಾರದ ಕಡೆ ಮನುಷ್ಯನ ಕೈ ಆ ಕೆಲಸವನ್ನು ಮಾಡಬಲ್ಲುದು. ಇದಕ್ಕೆ ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಧಾರಾಪುರಂ, ಮೂಲನೂರು, ದಿಂಡಿಗಲ್ ಜಿಲ್ಲೆಯ ಒಟ್ಟನ್‌ಛತ್ರಂ ಮೊದಲಾದ ಒಣಸೀಮೆಗಳಲ್ಲಿ ರೈತರು ಇದನ್ನು ಬೀಜಕ್ಕಾಗಿ ಬೆಳೆಯಾಗಿಯೇ ಬೆಳೆಯುತ್ತಾರೆ. ಬೀಜವು ಔಷಧದ ಕಾರ್ಖಾನೆಗಳಿಗೂ ಯೂರೋಪಿನ ರಾಷ್ಟ್ರಗಳಿಗೂ ಹೋಗುತ್ತದೆ. ಅಲ್ಲಿ ಹೂವಿನ ಕಾಲದಲ್ಲಿ ಬೆಳಗಿನ ತಂಪಿನ ಕೆಲವು ಗಂಟೆಗಳ ಕಾಲ ಹೆಣ್ಣುಮಕ್ಕಳು ಸಾಲುಸಾಲಾಗಿ ನಡೆಯುತ್ತ, ಹೂ ಹೂವಿಗೂ ಪರಾಗವನ್ನು ಸವರುತ್ತ ಹೋಗುವುದು ವಾಡಿಕೆಯ ಬೇಸಾಯಕ್ರಮ. ಹಾಗೆ ಮಾಡದಿದ್ದರೆ ಕಾಯಿ ಕಡಮೆ ಎಂಬುದು ಆ ರೈತರ ಅನುಭವ. ಎಕರೆಗಟ್ಟಲೆ ಹೊಲದಲ್ಲಿ ನಡೆಯುವ ಕೆಲಸ ಹಿತ್ತಿಲಿನ ನಾಲ್ಕು ಬಳ್ಳಿಗಳಿಗೆ ಕಷ್ಟವೇ?

ಇನ್ನು ಬೆಳೆಸುವ ಕ್ರಮ. ಗುಡ್ಡದ ಗಡ್ಡೆಯನ್ನು ಅಗೆದು ತರಬಾರದೆಂಬುದು ಮೊದಲ ನಿಯಮ. ಉಳಿಸಬೇಕೆಂದು ಹೊರಟವರೇ ಅಳಿಸಿದಂತಾದೀತು. ಬೀಜವನ್ನು ತಂದು ಬಿತ್ತಬೇಕು, ಇಲ್ಲವೇ ಬೆಳೆಗಾರರಿಂದ ಗಡ್ಡೆಯನ್ನು ಕೊಳ್ಳಬೇಕು. ಗಡ್ಡೆ 50 ಗ್ರಾಂ ತೂಕಕ್ಕಿಂತ ಸಣ್ಣದಾಗಿದ್ದರೆ ಆ ವರ್ಷ ಹೂವನ್ನು ನಿರೀಕ್ಷಿಸುವಂತಿಲ್ಲ. ಕೊಳ್ಳುವಾಗ ತೋಳಿನ ತುದಿಯನ್ನು ಪರೀಕ್ಷಿಸಬೇಕು, ಏಕೆಂದರೆ ಆಲೂಗಡ್ಡೆಯಂತೆ ಇದಕ್ಕೆ ಮೈತುಂಬ ಕಣ್ಣುಗಳಿಲ್ಲ. ಮೊಳೆಯುವ ಕಣ್ಣು ಇರುವುದು ತುದಿಯಲ್ಲಿ ಮಾತ್ರ, ಅದು ಮುರಿದ ಗಡ್ಡೆ ಎಷ್ಟು ಕೊಬ್ಬಿದ್ದರೂ ವ್ಯರ್ಥ. ನೆಡುವ ಕಾಲ ಈ ಸೀಮೆಯವರಿಗೆ ಹೇಳಿಕೊಡಬೇಕಾದದ್ದಲ್ಲ: ಶೇಂಗಾ ಬಿತ್ತುವ ಹದವೇ ಇದರ ಹದ, ಅಂದರೆ ಮೃಗಶಿರೆಯಿಂದ ಆರಿದ್ರೆಯವರೆಗೆ. ಮಣ್ಣು ಕೂಡ ಶೇಂಗಾಕ್ಕೆ ಒಪ್ಪುವ ಮಸಬು, ಮರಳು ಬೆರೆತ ಕೆಂಪು ಮಣ್ಣೇ ಆಗಬೇಕು. ಎರೆಭೂಮಿಯವರು ಮರಳನ್ನೂ ಹಳೆಯ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಿ ಮಡಿಯನ್ನು ಗೇಣೆತ್ತರ ಏರಿಸಿಕೊಳ್ಳದಿದ್ದರೆ ಹಸ್ತೆಯ ಮಳೆಗೆ ಗಡ್ಡೆ ಕೊಳೆಯುವುದು ನಿಶ್ಚಯ. ಗಡ್ಡೆಯನ್ನು ನಾಲ್ಕು ಬೆರಳಾಳದಲ್ಲಿ ಅಡ್ಡಲಾಗಿ ಮಲಗಿಸಿ ಮುಚ್ಚಬೇಕು. ನೀರು ಹದವಾಗಿರಬೇಕು, ನಿಲ್ಲಬಾರದು.

ಬಳ್ಳಿ ಆಳೆತ್ತರ ಹಬ್ಬುತ್ತದೆ. ಹಬ್ಬುವ ರೀತಿಯೂ ವಿಶೇಷವಾದದ್ದೇ: ಅವರೆಯಂತೆ ಕಾಂಡವನ್ನು ಸುತ್ತಿಸುವುದಿಲ್ಲ, ಹೀರೆಯಂತೆ ಬೇರೆ ಕುಡಿಯನ್ನು ಬಿಡುವುದಿಲ್ಲ, ಎಲೆಯ ತುದಿಯೇ ಉದ್ದವಾಗಿ ಸುರುಳಿಗೊಂಡು ಸಿಕ್ಕಿದ್ದನ್ನು ಹಿಡಿಯುತ್ತದೆ. ಎಲೆತುದಿಯ ಹಿಡಿತಕ್ಕೆ ದಪ್ಪ ಗೂಟಗಳು ನಿಲುಕುವುದಿಲ್ಲ, ಸಣ್ಣ ಕಡ್ಡಿಗಳು ಬೇಕು. ತಮಿಳು ರೈತರು ಬಂದರಿಕೆಯ ಕೊಂಬೆಗಳನ್ನು ಸಿಕ್ಕಿಸುವುದುಂಟೆಂದು ತಿಳಿದಾಗ ನನಗೆ ಸಂತೋಷವಾಯಿತು, ಏಕೆಂದರೆ ನಮ್ಮ ಗುಡ್ಡಗಳಲ್ಲಿ ಯಾವುದಕ್ಕೆ ಬರವಿದ್ದರೂ ಬಂದರಿಕೆಗೆ ಬರವಿಲ್ಲ. ಜೀವಂತ ಬೇಲಿಯಿದ್ದವರಿಗೆ ಆ ಯೋಚನೆಯೂ ಬೇಡ.

ಈ ಬಳ್ಳಿಯ ಮುಖ್ಯ ಶತ್ರು ಒಂದುಂಟು, ಅದು ಪ್ರಬಲ: ಲಿಲ್ಲಿ ಜಾತಿಯ ಗಿಡಗಳನ್ನೇ ಅರಸಿಕೊಂಡು ಬರುವ, ಪಾಲಿಟೆಲಾ ಗ್ಲೋರಿಯೋಸೇ ಎಂದು ಇದರ ಹೆಸರನ್ನೇ ತನ್ನ ಹೆಸರಿನಲ್ಲಿ ಹೊತ್ತ ಪತಂಗದ ಕಂಬಳಿಹುಳು. ಕಾಲ್ಚಿಸಿನ್ನಿನ ವಿಷ ಅದಕ್ಕೆ ಏನನ್ನೂ ಮಾಡದು. ಬೆಳಿಗ್ಗೆ ಒಂದು ಎಲೆಯಲ್ಲಿ ಕಂಡದ್ದು ನಾಳೆ ಸಂಜೆಗೆ ಬಳ್ಳಿಯನ್ನೆಲ್ಲ ಬರಿದು ಮಾಡಬಲ್ಲುದಾದುದರಿಂದ, ದಿನವೂ ಎಲೆಯ ಹಿಂಬದಿಯನ್ನು ನೋಡಿ ಆರಿಸಿ ತೆಗೆಯುವುದೇ ಹಿತ್ತಿಲಿಗೆ ತಕ್ಕ ಉಪಾಯ. ಔಷಧ ಹೊಡೆದರೆ ಚಿಟ್ಟೆಗಳೂ ಹೋದಾವು.

ನೆಟ್ಟ ಎರಡು ತಿಂಗಳ ಸುಮಾರಿಗೆ, ಸರಿಯಾಗಿ ಗೌರಿ ಹಬ್ಬದ ಆಜುಬಾಜಿನಲ್ಲಿ, ಮೊಗ್ಗುಗಳು ಒಡೆಯತೊಡಗುತ್ತವೆ. ಹೂವು ಮೊದಲು ಹಸುರು, ಬಳಿಕ ಹಳದಿ, ಮರುದಿನಗಳಲ್ಲಿ ತುದಿಯಿಂದ ಕೆಂಪು ಇಳಿಯುತ್ತ ಬಂದು ಕಡೆಗೆ ಪೂರ್ಣ ರಕ್ತವರ್ಣ. ಒಂದೇ ಬಳ್ಳಿಯಲ್ಲಿ ಒಂದೇ ದಿನ ಈ ಎಲ್ಲ ಅವಸ್ಥೆಗಳೂ ಇರುವುದರಿಂದ, ವಯಸ್ಸನ್ನು ಬಣ್ಣದಿಂದಲೇ ಓದಬಹುದು. ಪರಾಗಸ್ಪರ್ಶಕ್ಕೆ ಬೇಕಾದದ್ದು ಎಳೆಯ ಹೂವು, ಇನ್ನೂ ಹಳದಿಯೇ ಹೆಚ್ಚಾಗಿರುವಂಥದು. ಬೆಳಗಿನ ಮಂಜು ಆರಿ, ಬಿಸಿಲು ಬಲಿಯುವ ಮುನ್ನ ಪರಾಗಕೋಶಗಳು ಬಿರಿದು ಹಳದಿ ಹುಡಿ ಕಾಣುತ್ತದೆ. ಒಂದು ಬಳ್ಳಿಯ ಹೂವಿನಿಂದ ಒಂದು ಕೇಸರವನ್ನು ಚಿಮುಟದಿಂದ ಕಿತ್ತುಕೊಂಡು, ಇನ್ನೊಂದು ಬಳ್ಳಿಯ ಹೂವಿನ ಬಾಗಿದ ಶಲಾಕೆಯ ಮೂರು ಕವಲುಗಳ ತುದಿಗೂ, ಹಣೆಗೆ ವಿಭೂತಿ ಇಟ್ಟಷ್ಟು ಮೃದುವಾಗಿ, ಹುಡಿಯನ್ನು ಸವರಬೇಕು. ಮೂರಕ್ಕೂ ಸವರಬೇಕೆನ್ನುವುದೇಕೆಂದರೆ ಅಂಡಾಶಯದಲ್ಲಿಯೂ ಕೋಣೆಗಳು ಮೂರೇ. ಮಕ್ಕಳು ಚಿತ್ರ ಬರೆಯುವ ಸಣ್ಣ ಕುಂಚದಿಂದಲೂ ಈ ಕೆಲಸವಾಗುತ್ತದೆ. ಸವರಿದ ಹೂವಿನ ತೊಟ್ಟಿಗೆ ಬಣ್ಣದ ನೂಲು ಕಟ್ಟಿ, ಯಾವ ಬಳ್ಳಿಯ ಪರಾಗ, ಯಾವ ದಿನ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರುದಿನ ಮತ್ತೊಮ್ಮೆ ಸವರಿದರೆ ಒಳ್ಳೆಯದು.

ತನ್ನದೇ ಪರಾಗದಿಂದ ಕಾಯಿ ಕಟ್ಟುವುದೇ ಇಲ್ಲವೆಂದಲ್ಲ; ಹೊರಗಿನ ಪರಾಗ ದೊರೆತಾಗ ಕಾಯಿ ಹೆಚ್ಚು, ಬೀಜ ಪುಷ್ಟ. ಒಂದೇ ಗಡ್ಡೆಯಿಂದ ಒಡೆದ ಬಳ್ಳಿಗಳು ಎಷ್ಟಿದ್ದರೂ ಅವು ಹುಟ್ಟಿನಲ್ಲಿ ಒಂದೇ ಎಂಬುದನ್ನು ಮರೆಯಬಾರದು. ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡಾದರೂ ಬೇಕು. ನನ್ನ ಹಿತ್ತಿಲಿನಲ್ಲಿ ಒಂದೇ ಗಡ್ಡೆಯ ಸಂತಾನವಿದ್ದಷ್ಟು ಕಾಲ ಹೂವಿನ ಸಂಭ್ರಮಕ್ಕೆ ಕೊರತೆಯಿರಲಿಲ್ಲ, ಕಾಯಿ ಮಾತ್ರ ಬೆರಳೆಣಿಕೆಗೆ ಸಿಕ್ಕುವಷ್ಟು. ಸ್ನೇಹಿತರೊಬ್ಬರ ತೋಟದ ಬಳ್ಳಿಯಿಂದ ಬೆಂಕಿಪೊಟ್ಟಣದಲ್ಲಿ ಕೇಸರಗಳನ್ನಿಟ್ಟುಕೊಂಡು ಬಂದು ಸವರಿದ ವರ್ಷ, ನೂಲು ಕಟ್ಟಿದ ತೊಟ್ಟುಗಳಲ್ಲಿ ಹೆಚ್ಚಿನವು ವಾರ ಕಳೆಯುವುದರೊಳಗೆ ದಪ್ಪಗಾದದ್ದನ್ನು ಕಂಡು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಕಾಯಿ ಬಲಿಯಲು ಮೂರು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಅಷ್ಟರಲ್ಲಿ ಪುಷ್ಯಮಾಸ ಬಂದು ಬಳ್ಳಿ ಒಣಗುತ್ತಿರುತ್ತದೆ. ಕಾಯಿಯ ಸಿಪ್ಪೆ ಸುಕ್ಕುಗಟ್ಟಿ ಬಿಳುಪೇರಿದಾಗ ಅದು ಮೂರು ಹೋಳಾಗಿ ಬಿರಿದು ಒಳಗಿನ ಕೆಂಪು ಬೀಜಗಳನ್ನು ಹೊರದೋರುತ್ತದೆ. ಮಕ್ಕಳ ಕಣ್ಣನ್ನು ಸೆಳೆಯುವಷ್ಟು ಸುಂದರವಾದ ಈ ಬೀಜಗಳಲ್ಲಿಯೇ ವಿಷ ಬಹಳವಾಗಿರುವುದರಿಂದ, ಬಿರಿಯುವ ಮುನ್ನವೇ ಕಾಯಿಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿ, ಎತ್ತರದ ಗೂಡಿನಲ್ಲಿ ಚೀಟಿ ಅಂಟಿಸಿದ ಡಬ್ಬಿಯಲ್ಲಿಡಬೇಕು. ಬೀಜಕ್ಕೂ ಗಡ್ಡೆಯಂತೆಯೇ ನಿದ್ರೆಯುಂಟು. ಕೊಯ್ದ ಕೂಡಲೆ ಬಿತ್ತಿದರೆ ಏಳುವುದಿಲ್ಲ. ಮುಂದಿನ ಮೃಗಶಿರೆಯವರೆಗೆ ಕಾದು, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳುಮಣ್ಣಿನ ಕುಂಡದಲ್ಲಿ ಬಿತ್ತಬೇಕು. ಕೆಲವು ಮೂರು ವಾರಕ್ಕೆ ಮೊಳೆತರೆ ಕೆಲವು ಮೂರು ತಿಂಗಳಿಗೆ. ಮೊದಲ ವರ್ಷ ಹುಲ್ಲಿನಂಥ ಎಲೆಯಷ್ಟೇ, ಬೇಸಗೆಯಲ್ಲಿ ಅದೂ ಮಾಯ. ಸತ್ತಿತೆಂದು ಕುಂಡವನ್ನು ಬರಿದು ಮಾಡಿದವರಲ್ಲಿ ನಾನೂ ಒಬ್ಬ. ಮಣ್ಣಿನೊಳಗೆ ಕಡಲೆಕಾಳಿನಷ್ಟು ಗಡ್ಡೆ ಜೀವದಿಂದಿರುತ್ತದೆ. ಹೂವಾಗುವುದು ಮೂರನೆಯ ಅಥವಾ ನಾಲ್ಕನೆಯ ವರ್ಷ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಸಂಗತಿ ನಮ್ಮ ಸೀಮೆಯ ಶಾಲೆಯ ಹುಡುಗರಿಗೂ ಗೊತ್ತು. ಇಲ್ಲಿರುವವು ಕಿರಿಯ ಶಾಸನಗಳು. ಅದೇ ಅರಸನು ಗಿರ್ನಾರ್ ಮೊದಲಾದೆಡೆಗಳಲ್ಲಿ ಬರೆಯಿಸಿದ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಉಪಯುಕ್ತವಾದ ಔಷಧಿಮೂಲಿಕೆಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಕ್ರವರ್ತಿಯೊಬ್ಬನು ಹೆಮ್ಮೆಯಿಂದ ಕಲ್ಲಿನಲ್ಲಿ ಕೊರೆಯಿಸಿದ ಕಾರ್ಯವನ್ನು, ಒಂದು ಕುಂಡ, ಒಂದು ಕುಂಚ, ನಾಲ್ಕು ವರ್ಷಗಳ ತಾಳ್ಮೆ ಇದ್ದರೆ ನಮ್ಮಲ್ಲಿ ಯಾರಾದರೂ ಮಾಡಬಹುದು.

ಈಗಾಗಲೇ ಒಂದು ಬಳ್ಳಿಯುಳ್ಳವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಭಾದ್ರಪದದಲ್ಲಿ ನಿಮ್ಮ ಹೂವಿನ ಕೇಸರವೊಂದನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು, ಇನ್ನೊಂದು ಬಳ್ಳಿ ಇರುವ ಮನೆಗೆ ಒಮ್ಮೆ ಹೋಗಿಬನ್ನಿ; ಹಿಂದಿರುಗುವಾಗ ಅವರದೊಂದನ್ನು ತನ್ನಿ. ಕಾಯಿ ಬಲಿತ ಮೇಲೆ ಬೀಜವನ್ನು, ವಿಷದ ಎಚ್ಚರಿಕೆಯೊಂದಿಗೆ, ಬೇಲಿಯಿರುವ ಮೂರನೆಯ ಮನೆಗೆ ಕೊಡಿ.